ಏಳಡಿ ಅಗಲದ ಎರಡು ಗಾಡಿ, ನಾಲ್ಕು ದಿನದ ಮರುಭೂಮಿ

ಗೌಡನಿಗೂ ಭಟ್ಟನಿಗೂ ಈ ಜಗಳ ಹತ್ತಿ ಎರಡು ವರ್ಷ. ಗೌಡನದ್ದು ರ‍್ಯಾಮ್ 1500 ಟಿಆರ್‌ಎಕ್ಸ್, ಭಟ್ಟನದ್ದು ಫೋರ್ಡ್ ಎಫ್-150 ರ‍್ಯಾಪ್ಟರ್. ಎರಡೂ ಪಿಕಪ್ ಗಾಡಿ, ಯಾವುದು ಮೇಲು ಅನ್ನುವುದೇ ಜಗಳ. ಯುಗಾದಿ ಊಟವಿರಲಿ, ಮಕ್ಕಳ ಹುಟ್ಟುಹಬ್ಬವಿರಲಿ, ಎಲೆಗೆ ಹೋಳಿಗೆ ಬೀಳುವ ಮೊದಲೇ ಸಸ್ಪೆನ್ಷನ್ ಮಾತು ಶುರು. ಹೆಂಡತಿಯರು ಬೇರೆ ರೂಮಿಗೆ ಎದ್ದು ಹೋಗುತ್ತಾರೆ. ಮಧ್ಯದಲ್ಲಿ ಸಿಕ್ಕಿಕೊಳ್ಳುವವನು ನಾನು: ಹತ್ತು ವರ್ಷದ ಮಿನಿವ್ಯಾನ್ ಓಡಿಸುತ್ತ, ಸೆಕೆಂಡ್ ಹ್ಯಾಂಡ್‌ನಲ್ಲಿ ಇವೆರಡರಲ್ಲಿ ಒಂದನ್ನು ತಗೊಳ್ಳಬೇಕೆಂದು ದುಡ್ಡು ಕೂಡಿಡುತ್ತಿರುವ ಪಾಪಿ. ಕೊನೆಗೆ ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ರಜೆ ಸೇರಿಸಿಕೊಂಡು ನಾಲ್ಕು ದಿನ ಕ್ಯಾಲಿಫೋರ್ನಿಯಾದ ಮರುಭೂಮಿ ಪಾರ್ಕು ಡೆತ್ ವ್ಯಾಲಿಗೆ ಹೋಗಿಬರುವುದು, ಬಂದಮೇಲೆ ನಾನು ತೀರ್ಪು ಹೇಳುವುದು ಎಂದಾಯಿತು. ಮಂಡ್ಯದಿಂದ ಆರು ತಿಂಗಳಿಗೆ ಬಂದಿದ್ದ ಗೌಡನ ತಂದೆಯೂ ಹೊರಟರು. ಎಪ್ಪತ್ತು ದಾಟಿದ ಅವರನ್ನು ನಾವೆಲ್ಲ ಅಪ್ಪಾಜಿ ಅನ್ನುತ್ತೇವೆ. ಅವರು ನನ್ನನ್ನು 'ತುಮಕೂರವ್ರೇ' ಅನ್ನುತ್ತಾರೆ.

ಮೊದಲ ದಿನ: ಅರ್ವೈನ್‌ನಿಂದ ಪ್ಯಾನಮಿಂಟ್ ಕಣಿವೆ

ಲಾಸ್ ಏಂಜಲೀಸ್ ಹತ್ತಿರದ ನಮ್ಮ ಅರ್ವೈನ್ ಊರಿನಿಂದ ಬೆಳಗ್ಗೆ ಐದಕ್ಕೆ ಹೊರಟೆವು. ಕಹೋನ್ ಪಾಸ್ ಹತ್ತಿ 395ನೇ ಹೆದ್ದಾರಿ ಹಿಡಿಯುವವರೆಗೆ ಬರೆಯುವಂಥದ್ದೇನಿಲ್ಲ, ಕತ್ತಲು ಮತ್ತು ಟ್ರಕ್ಕುಗಳು. ನಾನು ಗೌಡನ ಗಾಡಿಯ ಹಿಂದಿನ ಸೀಟಿನಲ್ಲಿದ್ದೆ. ಗೌಡ ಎಕ್ಸಿಲರೇಟರ್ ಒತ್ತಿದಾಗೆಲ್ಲ ಬಾನೆಟ್ ಒಳಗಿಂದ ಸೂಪರ್‌ಚಾರ್ಜರ್ ಹಿಟ್ಟಿನ ಗಿರಣಿ ತಿರುಗಿದ ಹಾಗೆ ಕೀರಲು ದನಿ ತೆಗೆಯುತ್ತದೆ. 6.2 ಲೀಟರ್‌ನ ವಿ8, 702 ಅಶ್ವಶಕ್ತಿ. ಭಟ್ಟನದ್ದು 3.5 ಲೀಟರ್‌ನ ವಿ6, ಎರಡು ಟರ್ಬೊ, 450. ಕಾಗದದ ಮೇಲೆ ಇದು ಪೈಪೋಟಿಯೇ ಅಲ್ಲ. ಗೌಡನಿಗೆ ಕಾಗದ ಸಾಕು. ಅವನ ಗಾಡಿಯ ಬಾನೆಟ್ ಎತ್ತಿದರೆ ಟಿ-ರೆಕ್ಸ್ ಡೈನೋಸಾರೊಂದು ರ‍್ಯಾಪ್ಟರನ್ನು ಅಗಿಯುತ್ತಿರುವ ಚಿತ್ರವಿದೆ. ಕಂಪನಿಯವರೇ ಮಾಡಿದ ಕೀಟಲೆ. ಪ್ರತಿ ಪೆಟ್ರೋಲ್ ಬಂಕಿನಲ್ಲೂ ಅದನ್ನು ಎತ್ತಿ ಭಟ್ಟನಿಗೆ ತೋರಿಸುತ್ತಾನೆ.

ಬಂಕುಗಳಿಗೇನೂ ಬರವಿರಲಿಲ್ಲ. ಟಿಆರ್‌ಎಕ್ಸ್‌ಗೆ ಸರಕಾರಿ ಲೆಕ್ಕದ ಮೈಲೇಜೇ ಗ್ಯಾಲನ್‌ಗೆ 12 ಮೈಲಿ. ನಮ್ಮ ಲೆಕ್ಕದಲ್ಲಿ ಲೀಟರಿಗೆ ಐದು ಕಿಲೋಮೀಟರ್, ಅದೂ 91 ಆಕ್ಟೇನಿನ ಪ್ರೀಮಿಯಂ ಕುಡಿದು. ರ‍್ಯಾಪ್ಟರ್‌ಗೆ 16, ಜೊತೆಗೆ 36 ಗ್ಯಾಲನ್ ಟ್ಯಾಂಕು. ಗೌಡನದ್ದು 33. ರಿಡ್ಜ್‌ಕ್ರೆಸ್ಟ್‌ನಲ್ಲಿ ಎರಡನ್ನೂ ಕಂಠಮಟ್ಟ ತುಂಬಿಸಿದೆವು. ಆ ಕಡೆಯಿಂದ ಡೆತ್ ವ್ಯಾಲಿಗೆ ಹೋಗುವವರಿಗೆ ನ್ಯಾಯದ ದರದಲ್ಲಿ ಎಣ್ಣೆ ಸಿಗುವ ಕೊನೆಯ ಊರು ಅದೇ. 2019ರ ಜುಲೈನಲ್ಲಿ ಎರಡು ದಿನದಲ್ಲಿ ಎರಡು ಬಾರಿ ನಡುಗಿದ ಊರೂ ಅದೇ, ಎರಡನೆಯದು 7.1. ನಮ್ಮ ಅರ್ವೈನ್ ಮನೆಯ ಫ್ಯಾನೂ ಅವತ್ತು ತೂಗಿತ್ತು.

ಅಪ್ಪಾಜಿ ಇಳಿದು ಗಾಡಿಯ ಮುಂದೆ ಕೈಕಟ್ಟಿ ನಿಂತರು.

"ಇದೇನ್ಲಾ, ಮುಂದ್ಗಡೆ ಮೂರು ದೀಪ ಹಳದಿ?"

ಎಂಬತ್ತು ಇಂಚು ಅಥವಾ ಅದಕ್ಕಿಂತ ಅಗಲದ ವಾಹನಕ್ಕೆ ಆ ದೀಪ ಇಲ್ಲಿ ಕಡ್ಡಾಯ ಅಂತ ಭಟ್ಟ ವಿವರಿಸಿದ. ಎರಡು ಗಾಡಿಗಳೂ ಏಳಡಿಗಿಂತ ಅಗಲ. ಅಪ್ಪಾಜಿ ಹಿಂದೆ ಹೋಗಿ ತೊಟ್ಟಿಯನ್ನು ನೋಡಿದರು.

"ಎಷ್ಟು ಹೇರ್ಬೋದು?"

"ಐನೂರ ತೊಂಬತ್ತು ಕೇಜಿ, ಜನಾನೂ ಸೇರಿ."

"ಐನೂರ ತೊಂಬತ್ತು! ನಮ್ಮೂರ ಟಾಟಾ ಏಸು ಮುಕ್ಕಾಲು ಟನ್ ಹೊರ್ತದಲ್ಲೋ. ಎಪ್ಪತ್ ಸಾವ್ರ ಡಾಲರ್ ಕೊಟ್ಟು ಏಸ್‌ಗಿಂತ ಕಮ್ಮಿ ಹೊರೋದ ತಂದಿದ್ದೀಯ."

ಭಟ್ಟ ನಕ್ಕ. ಅವನದ್ದು ಆರುನೂರ ಮೂವತ್ತೈದು, ನಗುವಂಥದ್ದೇನಿರಲಿಲ್ಲ. ಗುಂಡಿಯ ಮೇಲೆ ಹಾರಿ ಇಳಿಯಲಿಕ್ಕೆಂದು ಮೆತ್ತನೆಯ ಉದ್ದ ಸ್ಪ್ರಿಂಗ್ ಹಾಕಿದರೆ ಹೊರೆ ಹೊರುವ ಬಿಗಿ ಹೋಗುತ್ತದೆ. ಸರಿಯಾಗಿ ಆರಿಸಿಕೊಂಡ ಸಾಧಾರಣ ಎಫ್-150 ಇದರ ಎರಡು ಪಟ್ಟು ಹೊರುತ್ತದೆ. ಎರಡು ವರ್ಷದ ಜಗಳದಲ್ಲಿ ಈ ಮಾತು ನಮ್ಮ ಮೂವರ ಬಾಯಲ್ಲೂ ಬಂದಿರಲಿಲ್ಲ.

ಟ್ರೋನಾ ಊರಿಗೆ ಕೊಳೆತ ಮೊಟ್ಟೆಯ ವಾಸನೆ. ಒಣಗಿದ ಸರೋವರದಿಂದ ಉಪ್ಪು, ಸೋಡಾ ತೆಗೆಯುವ ಕಾರ್ಖಾನೆಯೇ ಊರು. ಅಲ್ಲಿಯ ಹೈಸ್ಕೂಲಿನ ಫುಟ್‌ಬಾಲ್ ಮೈದಾನದಲ್ಲಿ ಹುಲ್ಲಿಲ್ಲ, ಬರೀ ಮರಳು. ಆ ಉಪ್ಪುನೆಲದಲ್ಲಿ ಹುಲ್ಲು ಎಲ್ಲಿಂದ ಬರಬೇಕು. ಊರಿಗೆ ಮುಂಚೆ 178ನೇ ಹೆದ್ದಾರಿಯಿಂದ ಬಲಕ್ಕೆ ಐದು ಮೈಲಿ ಮಣ್ಣುರಸ್ತೆಯಲ್ಲಿ ಟ್ರೋನಾ ಪಿನಕಲ್ಸ್ ಎಂಬ ಸುಣ್ಣದ ಗೋಪುರಗಳಿವೆ. ಮಳೆ ಬಂದಿದ್ದರೆ ಆ ದಾರಿಗೆ ಇಳಿಯಬೇಡಿ, ಜೇಡಿ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ನಾವು ಹೋದಾಗ ಒಣಗಿತ್ತು. ಹುತ್ತದ ಹಾಗೆ ನಿಂತ ಆ ಕಂಬಗಳ ನೆರಳಲ್ಲಿ ಟೇಲ್‌ಗೇಟ್ ಇಳಿಸಿ ಚಿತ್ರಾನ್ನ, ಮಜ್ಜಿಗೆ ಮೆಣಸಿನಕಾಯಿ. ಗಾಳಿ ಎಷ್ಟಿತ್ತೆಂದರೆ ಕಡಲೆಬೀಜ ಮಾತ್ರ ತಟ್ಟೆಯಲ್ಲಿ ಉಳಿಯಿತು.

ಸಂಜೆಗೆ ಪ್ಯಾನಮಿಂಟ್ ಸ್ಪ್ರಿಂಗ್ಸ್ ಕ್ಯಾಂಪು. ಟೆಂಟ್ ಹೊಡೆಯುವಾಗ ನೌಕಾಪಡೆಯ ಜೆಟ್ಟೊಂದು ಕಣಿವೆಯೊಳಗೆ ನಮ್ಮ ತಲೆಯ ಮಟ್ಟಕ್ಕೇ ಬಂದ ಹಾಗೆ ಬಂದು ಹೋಯಿತು. ಅಪ್ಪಾಜಿ ಟೆಂಟಿನ ಗೂಟ ಕೈಯಲ್ಲಿ ಹಿಡಿದು ಕೂತುಬಿಟ್ಟರು. ಎದ್ದ ಮೇಲೆ ಕೇಳಿದ್ದು ಒಂದೇ: "ಅದಕ್ಕೆಷ್ಟು ಮೈಲೇಜು?"

ಎರಡನೆಯ ದಿನ: ರೇಸ್‌ಟ್ರ್ಯಾಕ್

ಇವತ್ತು ನಾನು ಭಟ್ಟನ ಗಾಡಿಯಲ್ಲಿ. ಸ್ಟವ್‌ಪೈಪ್ ವೆಲ್ಸ್‌ನಲ್ಲಿ ಗೌಡ ಮತ್ತೆ ಟ್ಯಾಂಕ್ ತುಂಬಿಸಿದ, ರಿಡ್ಜ್‌ಕ್ರೆಸ್ಟ್‌ಗಿಂತ ಗ್ಯಾಲನ್‌ಗೆ ಎರಡು ಡಾಲರ್ ಮೇಲೆ ಕೊಟ್ಟು. ಭಟ್ಟ ಕಿಟಕಿ ಇಳಿಸಿ, "ಬಾನೆಟ್ ಎತ್ತಿ ತೋರ್ಸೋ ಮಾರಾಯಾ," ಅಂದ. ಗೌಡ ಎತ್ತಲಿಲ್ಲ.

ಯುಬಿಹೀಬಿ ಜ್ವಾಲಾಮುಖಿ ಕುಳಿಯ ಹತ್ತಿರ ಡಾಂಬರು ಮುಗಿಯುತ್ತದೆ. ಅಲ್ಲಿಂದ ರೇಸ್‌ಟ್ರ್ಯಾಕಿಗೆ 27 ಮೈಲಿ. ಕಲ್ಲುಗಳು ತಾವೇ ಸರಿದು ಗೆರೆ ಎಳೆಯುವ ಒಣ ಸರೋವರದ ಬಯಲು ಅದು. ಇಪ್ಪತ್ತೇಳು ಅಂದರೆ ಹತ್ತಿರವೆನಿಸುತ್ತದೆ. ರಸ್ತೆಗೆ ರಸ್ತೆಯೇ ಬಟ್ಟೆ ಒಗೆಯುವ ಹಲಗೆಯ ಹಾಗೆ ಅಲೆ ಅಲೆ, ಅದರ ಮೇಲೆ ಚೂರಿಯಂಥ ಕಲ್ಲು. ಟೈರಿನ ಗಾಳಿಯನ್ನು 38ರಿಂದ 24ಕ್ಕೆ ಇಳಿಸಿದೆವು. ಇದನ್ನು ಮಾಡದೆ ಹೋದವರ ಹಲ್ಲು ಸಡಿಲಾಗುತ್ತದೆ. ವಾಪಸ್ ತುಂಬಿಸಲು ಬ್ಯಾಟರಿಗೆ ಸಿಕ್ಕಿಸುವ ಪುಟ್ಟ ಕಂಪ್ರೆಸರ್ ಜೊತೆಗಿರಲೇಬೇಕು, ದಾರಿಯಲ್ಲಿ ಯಾರೂ ಸಿಗುವುದಿಲ್ಲ, ಫೋನಂತೂ ಸ್ಟವ್‌ಪೈಪ್ ದಾಟಿದ ಮೇಲೆ ಸತ್ತಿತ್ತು.

ಈ ರಸ್ತೆಯಲ್ಲಿ ರ‍್ಯಾಪ್ಟರ್ ಏನು ಮಾಡುತ್ತದೆ ಅನ್ನುವುದನ್ನು ಕೂತೇ ನೋಡಬೇಕು. ಗಂಟೆಗೆ ಹದಿನೈದು ಮೈಲಿಯಲ್ಲಿ ಹೋದಾಗ ನನ್ನ ಮಿನಿವ್ಯಾನಿನಷ್ಟೇ ಕುಲುಕಿತು. ಭಟ್ಟ ಮೂವತ್ತಕ್ಕೆ ಏರಿಸಿದ, ಕುಲುಕಾಟ ನಿಂತೇಹೋಯಿತು. ಚಕ್ರಗಳು ಕೆಳಗೆ ಹುಚ್ಚು ಹಿಡಿದ ಹಾಗೆ ಕುಣಿಯುತ್ತಿವೆ, ಮೇಲೆ ನನ್ನ ಕೈಯಲ್ಲಿ ಫ್ಲಾಸ್ಕಿನ ಕಾಫಿ ಅಲುಗುತ್ತಿಲ್ಲ. ಮುಂದಿನ ಚಕ್ರ ಹದಿನಾಲ್ಕು ಇಂಚು, ಹಿಂದಿನದು ಹದಿನೈದು ಇಂಚು ಮೇಲೆ ಕೆಳಗೆ ಆಡುತ್ತದೆ. ಟಿಆರ್‌ಎಕ್ಸ್‌ನಲ್ಲಿ ಎರಡೂ ಕಡೆ ಹದಿಮೂರು ಚಿಲ್ಲರೆ. ಲೆಕ್ಕಕ್ಕೆ ಭಟ್ಟನದ್ದು ಮೇಲು. ಆದರೆ ವಾಕಿಟಾಕಿಯಲ್ಲಿ ಗೌಡನ ದನಿ: "ಅಪ್ಪ ಇಲ್ಲಿ ಗೊರಕೆ ಹೊಡೀತಾವ್ರೆ, ಕೇಳಿಸ್ಕಳಿ." ಕೇಳಿಸಿತು.

ದಾರಿ ಮೇಲೇರಿದಂತೆ ಜೋಶುವಾ ಮರಗಳು ಬಂದವು. ಇಪ್ಪತ್ತನೇ ಮೈಲಿಗೆ ಟೀಕೆಟಲ್ ಜಂಕ್ಷನ್. ಬೋರ್ಡಿಗೆ ಬಂದವರೆಲ್ಲ ಒಂದೊಂದು ಕೆಟಲ್ ಕಟ್ಟಿ, ಮೇಲೆ ಹೆಸರು ಬರೆದು ಹೋಗಿದ್ದಾರೆ. ನಮ್ಮಲ್ಲಿ ತೊಟ್ಟಿಲು ಕಟ್ಟುವ ಹರಕೆಯ ಮರದ ಹಾಗೆ. ಅಪ್ಪಾಜಿ ಒಂದೆರಡನ್ನು ಅಲ್ಲಾಡಿಸಿ ನೋಡಿದರು. "ಇಷ್ಟೊಂದ್ ಇಟ್ಟವ್ರೆ, ಒಂದ್ರಲ್ಲೂ ಟೀ ಇಲ್ವಲ್ಲ."

ಅಲ್ಲಿಂದ ನಾಲ್ಕು ಮೈಲಿ ಹೋಗುವಷ್ಟರಲ್ಲಿ ಗೌಡನ ಹಿಂದಿನ ಬಲಚಕ್ರ ಉಸ್ಸೆಂದಿತು. ಟೈರಿನ ಪಕ್ಕೆಯಲ್ಲಿ ಹೆಬ್ಬೆರಳು ತೂರುವಷ್ಟು ಸೀಳು. ನಡುವೆ ತೂತಾಗಿದ್ದರೆ ಬತ್ತಿ ತುರುಕಿ ಮುಚ್ಚಬಹುದಿತ್ತು, ಪಕ್ಕೆ ಹರಿದರೆ ಟೈರಿನ ಕತೆ ಮುಗಿಯಿತು. ಮೂವತ್ತೈದು ಇಂಚಿನ ಚಕ್ರ ಎತ್ತಲು ಇಬ್ಬರು ಬೇಕು. ಜ್ಯಾಕ್ ಮರಳುಕಲ್ಲಿನೊಳಗೆ ಇಳಿಯುತ್ತ ಹೋಯಿತೇ ಹೊರತು ಗಾಡಿ ಏಳಲಿಲ್ಲ. ಅಪ್ಪಾಜಿಯೇ ತೊಟ್ಟಿಯಿಂದ ನಮ್ಮ ಅಡಿಗೆಯ ಹಲಗೆ ತಂದು ಜ್ಯಾಕಿನ ಕೆಳಗಿಟ್ಟರು. ತರಕಾರಿ ಹೆಚ್ಚುವ ಹಲಗೆ ಎರಡು ತುಂಡಾಯಿತು, ಗಾಡಿ ಎದ್ದಿತು.

ಚಕ್ರ ಬದಲಿಸಿ ಮುಗಿದ ಮೇಲೆ ಭಟ್ಟ ಉದಾರವಾಗಿ, "ಇನ್ನೊಂದು ಹೋದ್ರೆ ನನ್ ಸ್ಪೇರ್ ತಗೋ" ಅಂದ. ಅಲ್ಲಿ ತಗುಲಿಕೊಂಡಿತು. ಎರಡೂ ಮೂವತ್ತೈದು ಇಂಚಿನ ಟೈರು, ಎರಡಕ್ಕೂ ಆರಾರು ನಟ್ಟು, ಆದರೆ ಫೋರ್ಡಿನ ನಟ್ಟುಗಳ ವೃತ್ತ 135 ಮಿಲಿಮೀಟರ್, ರ‍್ಯಾಮಿನದ್ದು 139.7. ಐದು ಮಿಲಿಮೀಟರಿಗೂ ಕಮ್ಮಿ ವ್ಯತ್ಯಾಸ, ಒಂದರ ಚಕ್ರ ಇನ್ನೊಂದಕ್ಕೆ ಕೂರದು. ಎರಡು ಗಾಡಿ ಜೊತೆಯಲ್ಲಿ ಹೋದರೆ ಧೈರ್ಯ ಎಂದುಕೊಂಡು ಬಂದಿದ್ದೆವು. ಜೊತೆಯಲ್ಲಿ ಹೋಗುವವರು ಒಂದೇ ಕಂಪನಿಯ ಗಾಡಿ ತಗೊಂಡರೆ ವಾಸಿ, ಇಲ್ಲವೇ ಇಬ್ಬರೂ ಎರಡೆರಡು ಸ್ಪೇರ್ ಹೊರಬೇಕು. ಆಮೇಲೆ ಗೌಡ ಹದಿನೈದು ಮೈಲಿ ದಾಟಲಿಲ್ಲ. 702 ಅಶ್ವಗಳೂ ಎತ್ತಿನಗಾಡಿಯ ನಡಿಗೆಯಲ್ಲಿ ರೇಸ್‌ಟ್ರ್ಯಾಕ್ ತಲುಪಿದವು.

ಕಲ್ಲುಗಳನ್ನು ನೋಡಲು ಬಯಲಿನ ದಕ್ಷಿಣ ತುದಿಯವರೆಗೆ ಹೋಗಿ, ಅಲ್ಲಿಂದ ನಡೆಯಬೇಕು. ಮೊದಲು ಸಿಗುವ ಕರಿಬಂಡೆಯ ಹತ್ತಿರ ನಿಲ್ಲಿಸಿ ಕಲ್ಲೇ ಇಲ್ಲವೆಂದು ವಾಪಸ್ ಹೋಗುವವರಿದ್ದಾರೆ. ಬಿರುಕು ಬಿಟ್ಟ ಒಣಮಣ್ಣಿನ ಮೇಲೆ ಕಲ್ಲು, ಅದರ ಹಿಂದೆ ಉದ್ದಕ್ಕೆ ಎಳೆದ ಗೆರೆ. ಕೆಲವು ನೇರ, ಕೆಲವು ಡೊಂಕು, ಒಂದು ಹೋಗಿ ತಿರುಗಿ ಬಂದ ಹಾಗಿತ್ತು. ದಶಕಗಳ ಕಾಲ ಯಾರಿಗೂ ಬಗೆಹರಿಯದೆ ಇದ್ದದ್ದು 2013ರ ಡಿಸೆಂಬರಿನಲ್ಲಿ ರಿಚರ್ಡ್ ನಾರಿಸ್ ಮತ್ತು ಜೇಮ್ಸ್ ನಾರಿಸ್ ಕಣ್ಣಾರೆ ಕಂಡರು: ಚಳಿಗಾಲದ ಮಳೆಗೆ ಬಯಲಲ್ಲಿ ತೆಳುವಾಗಿ ನೀರು ನಿಂತು, ರಾತ್ರಿ ಕಿಟಕಿ ಗಾಜಿನಂತೆ ಹೆಪ್ಪುಗಟ್ಟಿ, ಬಿಸಿಲಿಗೆ ಒಡೆದಾಗ ಸಣ್ಣ ಗಾಳಿಗೆ ಆ ಗಾಜಿನ ಹಾಳೆಗಳು ತೇಲುತ್ತ ಕಲ್ಲನ್ನು ದೂಡುತ್ತವೆ. ನಿಮಿಷಕ್ಕೆ ಕೆಲವು ಮೀಟರ್ ಅಷ್ಟೇ. ಬಯಲಿನ ಮೇಲೆ ಗಾಡಿ ಇಳಿಸುವುದು ಅಪರಾಧ, ಒದ್ದೆಯಿದ್ದಾಗ ಕಾಲಿಡುವುದೂ ತಪ್ಪು. 2016ರಲ್ಲಿ ಯಾರೋ ವಾಹನ ನುಗ್ಗಿಸಿ ಸುತ್ತು ಹಾಕಿದ್ದರು, ಆ ಚಕ್ರದ ಗುರುತು ಅಳಿಯಲು ವರ್ಷಗಳೇ ಬೇಕು. ಬರೀ ಅಲ್ಲಲ್ಲ, ಪಾರ್ಕಿನಲ್ಲಿ ಎಲ್ಲಿಯೂ ರಸ್ತೆ ಬಿಟ್ಟು ಇಳಿಯುವಂತಿಲ್ಲ. ಎರಡೂ ಗಾಡಿಯಲ್ಲಿ 'ಬಾಹಾ ಮೋಡ್' ಎಂಬ ಗುಂಡಿಯಿದೆ, ಮರುಭೂಮಿಯಲ್ಲಿ ಹಾರಿಸಲಿಕ್ಕೆ. ಮರುಭೂಮಿಯ ನಟ್ಟನಡುವೆ ನಿಂತು ಅದನ್ನು ಮುಟ್ಟುವ ಹಾಗಿಲ್ಲ.

ಇನ್ನೂ ನಾಲ್ಕು ಮೈಲಿ ಹೋಗಿ ಹೋಮ್‌ಸ್ಟೇಕ್ ಎಂಬ ಬರಡು ಕ್ಯಾಂಪು. ನೀರಿಲ್ಲ, ಸೌದೆ ಬೆಂಕಿ ಹಾಕುವಂತಿಲ್ಲ. ನೀರನ್ನು ತಲೆಗೆ ದಿನಕ್ಕೊಂದು ಗ್ಯಾಲನ್ ಲೆಕ್ಕದಲ್ಲಿ ತಂದಿದ್ದೆವು. ಗ್ಯಾಸ್ ಒಲೆಯ ಮೇಲೆ ಅಪ್ಪಾಜಿ ಮುದ್ದೆಗೆ ಎಸರಿಟ್ಟರು. ಕೋಲು ಮರೆತುಬಂದಿತ್ತು, ಮಧ್ಯಾಹ್ನ ಮುರಿದ ಹಲಗೆಯ ಉದ್ದನೆಯ ತುಂಡು ತೊಳೆದು ತಿರುವಿದರು. ಗಾಳಿಗೆ ಒಲೆ ಆರದಿರಲೆಂದು ಎರಡು ಗಾಡಿಗಳನ್ನು ಕೋನಕ್ಕೆ ನಿಲ್ಲಿಸಿ ಮರೆ ಮಾಡಿದೆವು, ಏಳಡಿ ಅಗಲ ಅಲ್ಲಿ ಕೆಲಸಕ್ಕೆ ಬಂತು. ಮನೆಯಿಂದ ತಂದ ಬಸ್ಸಾರು ಬಿಸಿಮಾಡಿ ಊಟ. ಶಿರಸಿಯ ಭಟ್ಟ ಮುದ್ದೆಯನ್ನು ಅಗಿದ. ಅಪ್ಪಾಜಿ ಆ ಕಡೆ ಮುಖ ತಿರುಗಿಸಿ ಕೂತರು. ಅವನು ತಂದ ಅಪ್ಪೆಮಿಡಿ ಉಪ್ಪಿನಕಾಯಿ ಬಾಯಿಗೆ ಬಿದ್ದಮೇಲೆ ಕ್ಷಮಿಸಿದರು.

ಊಟಕ್ಕೆ ಮೊದಲೇ ಟಾರ್ಚ್ ಹಿಡಿದು ರ‍್ಯಾಪ್ಟರಿನ ಹಿಂಚಕ್ರದ ಒಳಗೆ ಕೈಹಾಕಿದ್ದೆ. ನಿಲ್ಲಿಸಿ ಅರ್ಧ ಗಂಟೆಯಾಗಿತ್ತು, ಶಾಕ್ ಅಬ್ಸಾರ್ಬರ್ ಇನ್ನೂ ಬಿಸಿನೀರಿನ ಚೊಂಬಿನಷ್ಟು ಕಾದಿತ್ತು. ಪಕ್ಕದಲ್ಲೇ ಮೆದುಕೊಳವೆಯಿಂದ ಜೋಡಿಸಿದ ಇನ್ನೊಂದು ಡಬ್ಬಿ, ಅದೂ ಬೆಚ್ಚಗೆ. ರಸ್ತೆಯ ಕುಲುಕಾಟವೆಲ್ಲ ಆ ಎಣ್ಣೆಯೊಳಗೆ ಶಾಖವಾಗಿ ಹೋಗಿದೆ. ಸಾಧಾರಣ ಶಾಕ್‌ನಲ್ಲಿ ಎಣ್ಣೆ ಸ್ವಲ್ಪವೇ ಇರುತ್ತದೆ, ಇಂಥ ದಾರಿಯಲ್ಲಿ ಕಾದು ನೊರೆ ಬಂದು ಸುಮ್ಮನಾಗಿಬಿಡುತ್ತದೆ. ಇಲ್ಲಿ ಎಣ್ಣೆ ಹೆಚ್ಚು, ಡಬ್ಬಿಯೊಳಗಿನ ಗ್ಯಾಸಿನ ಒತ್ತಡ ನೊರೆಗೆ ಬಿಡುವುದಿಲ್ಲ. ಗೌಡನದ್ದರಲ್ಲೂ ಉಪಾಯ ಇದೇ, ಅವನದ್ದು ಬಿಲ್‌ಸ್ಟೀನ್, ಭಟ್ಟನದ್ದು ಫಾಕ್ಸ್. ನನ್ನನ್ನು ಕೇಳಿದರೆ ಈ ಗಾಡಿಗಳಿಗೆ ಕೊಡುವ ದುಡ್ಡು ಎಂಜಿನ್ನಿಗಲ್ಲ, ಈ ನಾಲ್ಕು ಡಬ್ಬಿಗೆ.

ಮೂರನೆಯ ದಿನ: ಲಿಪಿನ್‌ಕಾಟ್ ತುದಿ, ಆಮೇಲೆ ಲೋನ್ ಪೈನ್

ರಾತ್ರಿ ನೀರಿನ ಕ್ಯಾನ್ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಕ್ಯಾಂಪಿನ ಹತ್ತಿರದಿಂದಲೇ ಲಿಪಿನ್‌ಕಾಟ್ ರಸ್ತೆ ಸಲೀನ್ ಕಣಿವೆಗೆ ಇಳಿಯುತ್ತದೆ. ಗೌಡ ಮನೆಯಿಂದ ಹೊರಟಾಗಿನಿಂದ ಕನವರಿಸುತ್ತಿದ್ದುದು ಈ ರಸ್ತೆಯನ್ನೇ. ತುದಿಗೆ ಹೋಗಿ ಇಣುಕಿದೆವು: ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ನಡುವೆ ಒಂದು ಗಾಡಿಗೆ ಸಾಕಾಗುವ ಜಾಗ, ಅದರಲ್ಲೂ ಅಂಚು ಕೊರೆದುಹೋಗಿದೆ.

ಮೂವರೂ ಟೇಪಿಲ್ಲದೆ ಕಣ್ಣಳತೆ ಹಾಕುತ್ತಿದ್ದಾಗ ಕೆಳಗಿನಿಂದ ಎಂಜಿನ್ ಸದ್ದು. ಬಣ್ಣ ಹೋದ ಹಳೆಯ ಟೊಯೊಟಾ ಪಿಕಪ್, ಒಬ್ಬ ಮುದುಕ, ಪಕ್ಕದ ಸೀಟಿನಲ್ಲಿ ನಾಯಿ. ಮೇಲೆ ಬಂದು ನಿಲ್ಲಿಸಿ ಮೊದಲು ನಾಯಿಗೆ ನೀರು ಕೊಟ್ಟ. ಎರಡು ಸ್ಪೇರ್ ಚಕ್ರ ತೊಟ್ಟಿಯಲ್ಲಿ ಕಟ್ಟಿದ್ದ. ಇಂಡಿಪೆಂಡೆನ್ಸ್ ಊರಿನವನಂತೆ, ವರ್ಷಕ್ಕೆ ಮೂರು ನಾಲ್ಕು ಸಲ ಬರುತ್ತಾನಂತೆ. ನಮ್ಮ ಗಾಡಿಗಳನ್ನು ಸುತ್ತು ಹಾಕಿ, ಬಾಯಲ್ಲಿ ಶಿಳ್ಳೆ ಹಾಕಿ, ಚೆನ್ನಾಗಿವೆ ಅಂದ. ಇಳಿಯಬಹುದೇ ಅಂತ ಗೌಡ ಕೇಳಿದ. ಇಳಿಯಬಹುದು, ಇಷ್ಟು ಅಗಲದವು ಇಳಿದದ್ದನ್ನು ನೋಡಿದ್ದೇನೆ, ಎದುರಿಗೆ ನಾನು ಬಂದರೆ ಯಾರು ಹಿಂದಕ್ಕೆ ಹೋಗುವುದು ಅನ್ನುವುದೊಂದೇ ಪ್ರಶ್ನೆ ಅಂದ. ಆಮೇಲೆ ಗೌಡನ ಹರಿದ ಟೈರು ಕಂಡು, ಸ್ಪೇರ್ ಎಲ್ಲಿ ಅಂದ. ಗಾಡಿಗೆ ಹಾಕಿದ್ದೇ ಸ್ಪೇರ್ ಅಂದಾಗ ಅವನು ತಲೆ ಅಲ್ಲಾಡಿಸಿದ. ಇಲ್ಲಿಂದ ಗಾಡಿ ಎಳೆಸಿಕೊಂಡು ಹೋಗಲು ಸಾವಿರಗಟ್ಟಲೆ ಡಾಲರ್ ಆಗುತ್ತದೆ, ಅದೂ ಯಾರಾದರೂ ಬರಲು ಒಪ್ಪಿದರೆ.

"ವಾಪಸ್ ನಡೀರಿ," ಅಂದರು ಅಪ್ಪಾಜಿ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಪ್ರಪಾತವನ್ನು ನೋಡಿದ್ದರು.

ಬಂದ ದಾರಿಯಲ್ಲೇ ನಿಧಾನಕ್ಕೆ ಹಿಂದಿರುಗಿ, ಸ್ಟವ್‌ಪೈಪ್‌ನಲ್ಲಿ ಗೌಡ ಮತ್ತೊಮ್ಮೆ ಎಣ್ಣೆ ಹಾಕಿಸಿ, ಕತ್ತಲಾಗುವ ಹೊತ್ತಿಗೆ ಲೋನ್ ಪೈನ್ ಸೇರಿದೆವು. ಭಟ್ಟ ರಿಡ್ಜ್‌ಕ್ರೆಸ್ಟ್‌ನಲ್ಲಿ ತುಂಬಿಸಿದ ಟ್ಯಾಂಕಿನಲ್ಲೇ ಅಲ್ಲಿವರೆಗೆ ಬಂದ. ಮೋಟೆಲ್‌ನ ಬಿಸಿನೀರಿನಲ್ಲಿ ಮೈಯಿಂದ ಇಳಿದ ಧೂಳು ಗೋಧಿಹಿಟ್ಟಿನಷ್ಟು ನುಣುಪು.

ನಾಲ್ಕನೆಯ ದಿನ: ಜಾಬೋನ್ ಕಣಿವೆ, ಮನೆ

ಬೆಳಗ್ಗೆ ಅಲಬಾಮಾ ಹಿಲ್ಸ್‌ನ ದುಂಡು ಬಂಡೆಗಳ ಹಿಂದೆ ಮೌಂಟ್ ವಿಟ್ನಿ ಕೆಂಪಗೆ ಹೊತ್ತಿಕೊಂಡಿತು. 14,505 ಅಡಿ. ರಾಮನಗರದ ಬಂಡೆಗಳ ಹಿಂದೆ ಹಿಮಾಲಯ ತಂದು ನಿಲ್ಲಿಸಿದ ಹಾಗೆ. ಅಪ್ಪಾಜಿ ಜೇಬಿನಲ್ಲಿ ಕೈಯಿಟ್ಟು ಬಹಳ ಹೊತ್ತು ನಿಂತರು, ಮಾತಾಡಲಿಲ್ಲ. ಊರಿನ ಟೈರ್ ಅಂಗಡಿಯಲ್ಲಿ ಭಟ್ಟನ ಹದಿನೇಳು ಇಂಚಿನ ರಿಮ್ಮಿಗೆ ಹೊಂದುವ ಟೈರು ಇತ್ತು, ಗೌಡನ ಹದಿನೆಂಟಕ್ಕೆ ಆ ಅಳತೆಯದು ಇರಲಿಲ್ಲ. ಗಾಡಿ ತಗೊಳ್ಳುವ ಮೊದಲು ಅದರ ಟೈರಿನ ಅಳತೆ ಸಣ್ಣ ಊರುಗಳಲ್ಲಿ ಸಿಗುತ್ತದೆಯೇ ಅಂತ ಫೋನ್ ಮಾಡಿ ಕೇಳಬೇಕು. ಇದು ನಾನು ಬರೆದಿಟ್ಟುಕೊಂಡ ಮಾತು.

ಮೊಹಾವಿ ಊರಿಗೆ ಸುಮಾರು ಇಪ್ಪತ್ತು ಮೈಲಿ ಮೊದಲು, 14ನೇ ಹೆದ್ದಾರಿಯ ಪಕ್ಕದಲ್ಲಿ ಜಾಬೋನ್ ಕಣಿವೆ. ಇಲ್ಲಿ ರಸ್ತೆ ಬಿಟ್ಟು ಓಡಿಸಲು ಸರಕಾರವೇ ಬಯಲು ಬಿಟ್ಟುಕೊಟ್ಟಿದೆ. ಗುಡ್ಡದಿಂದಿಳಿದು ಮತ್ತೊಂದು ಗುಡ್ಡ ಹತ್ತುವ ಭಾರಿ ಕೊಳವೆ ಕಾಣುತ್ತದೆ, 1913ರಿಂದ ಲಾಸ್ ಏಂಜಲೀಸ್‌ಗೆ ಓವೆನ್ಸ್ ಕಣಿವೆಯ ನೀರನ್ನು ಒಯ್ಯುತ್ತಿರುವುದು. ಆ ನಗರ ಕುಡಿಯುವ ನೀರಿಗೆ ಹಿಂದಿನ ದಿನ ನೋಡಿದ ಒಣಗಿದ ಓವೆನ್ಸ್ ಸರೋವರ ಬೆಲೆ ತೆತ್ತಿದೆ. ಮಂಡ್ಯದವರಿಗೆ ಇದನ್ನು ವಿವರಿಸಬೇಕಾಗಲಿಲ್ಲ. "ಯಾವ ದೇಸ ಆದ್ರೂ ಅಷ್ಟೆ ಬುಡಿ," ಅಂದು ಅಪ್ಪಾಜಿ ನೆರಳು ಹುಡುಕಿ ಕೂತರು.

ನನ್ನ ಸರದಿ ಬಂತು. ಮೊದಲು ಟಿಆರ್‌ಎಕ್ಸ್. ಸ್ಪೇರ್ ಇಲ್ಲದ್ದರಿಂದ ಗೌಡ ಹೆದರಿ ನುಣ್ಣನೆಯ ಮರಳುಹಾದಿಯಲ್ಲಿ ಮಾತ್ರ ಬಿಟ್ಟ. ನಿಂತಲ್ಲಿಂದ ಕಾಲೂರಿದೆ. ಅರವತ್ತು ಮೈಲಿಗೆ ಡಾಂಬರಿನಲ್ಲಿ ನಾಲ್ಕೂವರೆ ಸೆಕೆಂಡು ಅನ್ನುತ್ತಾರೆ, ಮರಳಲ್ಲಿ ನನಗೆ ಲೆಕ್ಕ ಸಿಗಲಿಲ್ಲ, ಹೊಟ್ಟೆಯೊಂದು ಹಿಂದೆ ಉಳಿಯಿತು. ಎರಡು ಸಲ ಮಾಡಿದೆ, ಎರಡು ಸಲವೂ ಕೂಗಿದೆ. ಆದರೆ ತಿರುವು ಬಂದಾಗ ಸುಮಾರು ಮೂರು ಟನ್ ಭಾರ ಮೂಗಿನ ಮೇಲೆ ಬಂದು ನೇರವಾಗಿಯೇ ಹೋಗಲು ನೋಡುತ್ತದೆ. ರ‍್ಯಾಪ್ಟರಿನ ಮೈ ಅಲ್ಯೂಮಿನಿಯಂ, ಎಂಜಿನ್ನೂ ಸಣ್ಣದು, ಅದು ತಿರುವಿಗೆ ಒಲಿಯುತ್ತದೆ. ಹಳ್ಳದಂಚಿನಲ್ಲಿ ಸಣ್ಣಗೆ ಹಾರಿಸಿದೆ, ಇಳಿದದ್ದು ಗೊತ್ತಾಗಲಿಲ್ಲ. ಸದ್ದು ಮಾತ್ರ ಸಪ್ಪೆ, ವ್ಯಾಕ್ಯೂಮ್ ಕ್ಲೀನರ್. ಟಿಆರ್‌ಎಕ್ಸ್ ಇಳಿದು ಬಂದವನಿಗೆ ಒಗ್ಗರಣೆ ಮರೆತ ಸಾರು.

ತೀರ್ಪು ಕೇಳಿದರು. ಕೊಳ್ಳುವುದಾದರೆ ಭಟ್ಟನದ್ದು, ಬಾಡಿಗೆಗೆ ಒಂದು ದಿನ ಸಿಕ್ಕರೆ ಗೌಡನದ್ದು ಅಂದೆ. ಇಬ್ಬರಿಗೂ ಸಿಟ್ಟು ಬಂತು. ನಾನು ಲಿಪಿನ್‌ಕಾಟ್‌ನಿಂದೀಚೆಗೆ ಆ ಮುದುಕನ ಟೊಯೊಟಾದ ಬಗ್ಗೆಯೇ ಯೋಚಿಸುತ್ತಿದ್ದೆ ಅನ್ನುವುದನ್ನು ಹೇಳಲಿಲ್ಲ.

ಮನೆ ಸೇರಿದಾಗ ರಾತ್ರಿ ಒಂಬತ್ತು. ಚಪ್ಪಲಿ ಬಿಡುವ ಮೊದಲೇ ಟೇಪ್ ಹಿಡಿದು ಗ್ಯಾರೇಜಿಗೆ ಹೋದೆ. ಎರಡು ಗಾಡಿಗಳ ಉದ್ದವೂ ಹೆಚ್ಚುಕಮ್ಮಿ ಒಂದೇ, ಹತ್ತೊಂಬತ್ತು ಅಡಿ ಐದು ಇಂಚು. ಬಾಗಿಲಿನಿಂದ ಹಿಂದಿನ ಗೋಡೆಗೆ ಇಪ್ಪತ್ತು ಅಡಿ. ಗೋಡೆಗೆ ಒರಗಿಸಿ ಇಟ್ಟ ಟೇಬಲ್ಲಿನ ಮೇಲೆ ವೆಟ್ ಗ್ರೈಂಡರ್, ಪಕ್ಕದಲ್ಲಿ ಡೀಪ್ ಫ್ರೀಜರ್, ಅದರ ತುಂಬ ಅತ್ತೆ ಕಳಿಸಿದ ತೆಂಗಿನತುರಿ, ಹುರಿಗಾಳು. ಎರಡನೇ ಸಲ ಅಳೆಯುವಾಗ ಹಿಂದೆ ಬಾಗಿಲು ತೆರೆದ ಸದ್ದಾಯಿತು.

"ಗ್ರೈಂಡರ್ ಮುಟ್ಟಿದ್ರೆ ನೋಡಿ," ಅಂದಳು.